ಹಳೆಯ ಮೋಟಾರು ಗಾಡಿಯೂ ಅದರ ಹಿಂದಣ ಕಮಾನುಪಟ್ಟಿಗಳೂ

ನಮ್ಮ ತಾರ್ಕಿಕರು ಗುಣಗಳನ್ನು ಇಪ್ಪತ್ತನಾಲ್ಕಾಗಿ ಎಣಿಸಿ, ಅವುಗಳಲ್ಲಿ ಕಡೆಯದಾದ ಸಂಸ್ಕಾರವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ವಿಭಾಗಿಸಿರುವರು. ಬಿಟ್ಟ ಬಾಣವು ಮುಂದೆ ಮುಂದೆ ಸಾಗುವುದಕ್ಕೆ ಕಾರಣವಾದುದು ವೇಗ. ಒಮ್ಮೆ ಅನುಭವಿಸಿದುದನ್ನು ಮರಳಿ ನೆನೆಯುವುದಕ್ಕೆ ಕಾರಣವಾಗಿ ಆತ್ಮದಲ್ಲಿ ನಿಲ್ಲುವುದು ಭಾವನೆ. ಬಾಗಿಸಿದ ವಸ್ತುವನ್ನು ಅದರ ಮೊದಲಿನ ನಿಲವಿಗೆ ಮರಳಿಸುವುದು ಸ್ಥಿತಿಸ್ಥಾಪಕ. ಇದಕ್ಕೆ ಅನ್ನಂಭಟ್ಟನು ತನ್ನ ತರ್ಕಸಂಗ್ರಹದಲ್ಲಿ ಚಾಪೆಯೇ ಮೊದಲಾದುವನ್ನು ಆಶ್ರಯವಾಗಿ ಹೇಳಿದನು. ಅವನಿಗಿಂತ ಬಹು ಪ್ರಾಚೀನನಾದ ಪ್ರಶಸ್ತಪಾದನು ಬಿಲ್ಲು, ಮರದ ಕೊಂಬೆ, ಕೋಡು ಮುಂತಾದುವನ್ನು ಎತ್ತಿಕೊಂಡನು. ಇಂದಿನ ಭೌತವಿಜ್ಞಾನದ ಕನ್ನಡ ಪುಸ್ತಕಗಳಲ್ಲಿ ವಿದ್ಯಾರ್ಥಿಗಳು ಓದುವ ಸ್ಥಿತಿಸ್ಥಾಪಕತ್ವವೆಂಬ ಮಾತು ಆ ಶಾಸ್ತ್ರದಿಂದಲೇ ಬಂದುದಾಗಿದೆ. ನೆನಪಿಗೆ ಕಾರಣವಾದುದನ್ನೂ ಬಿಲ್ಲನ್ನು ಮರಳಿ ನೆಟ್ಟಗಾಗಿಸುವುದನ್ನೂ ಒಂದೇ ಗುಣದ ಪ್ರಭೇದಗಳೆಂದು ಹಿರಿಯರು ಎಣಿಸಿದ್ದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಹಳೆಯ ಮೋಟಾರು ಗಾಡಿಯೊಂದಕ್ಕೆ ಹಿಂದಣ ಕಮಾನುಪಟ್ಟಿಗಳನ್ನು ಆರಿಸುವುದು ಹೇಗೆಂಬ ವಿಷಯದಲ್ಲಿ ಆ ವಿಭಾಗವು ಎಷ್ಟು ಸಾರ್ಥಕವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುವೆನು.

ಇದು ಕಮ್ಮಾರಸಾಲೆಯ ಮಾತಲ್ಲವೆ, ಇತಿಹಾಸಕ್ಕೆ ಇದರಲ್ಲಿ ಏನು ಕೆಲಸ, ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಐವತ್ತು ಅರುವತ್ತು ವರ್ಷಗಳ ಹಿಂದೆ ಕಟ್ಟಿದ ಗಾಡಿಗಳನ್ನು ಕೆಡದಂತೆ ಕಾಪಾಡಿ ಓಡಿಸುವವರು ಈಗ ಎಲ್ಲ ದೇಶಗಳಲ್ಲಿಯೂ ಇರುವರು. ಅಂತಹ ಗಾಡಿಯ ಹಿಂಭಾಗವು ಕಾಲಕ್ರಮದಲ್ಲಿ ಕುಸಿಯುವುದು ಸಹಜ. ಆಗ ಒಡೆಯನ ಮುಂದೆ ಹಲವು ದಾರಿಗಳು ತೆರೆಯುವುವು: ಹಳೆಯ ಪಟ್ಟಿಗಳನ್ನೇ ಮತ್ತೆ ಬಾಗಿಸುವುದು, ಮೊದಲಿನ ಅಳತೆಯ ಹೊಸ ಪಟ್ಟಿಗಳನ್ನು ತರಿಸುವುದು, ಇರುವ ಕಟ್ಟಿಗೆ ಇನ್ನೊಂದು ಪಟ್ಟಿಯನ್ನು ಸೇರಿಸುವುದು, ಅಥವಾ ಹೆಚ್ಚು ಗಡುಸಾದ ಬೇರೊಂದು ಜಾತಿಯ ಕಮಾನನ್ನು ಹಾಕಿಬಿಡುವುದು. ಇವುಗಳಲ್ಲಿ ಯಾವುದು ಸರಿಯೆಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಈ ಗಾಡಿಯ ಮೊದಲಿನ ನಿಲವು ಯಾವುದಾಗಿತ್ತೆಂಬುದನ್ನು ಮೊದಲು ತಿಳಿಯಬೇಕು. ಮೊದಲಿನ ನಿಲವನ್ನು ಹೇಳತಕ್ಕುದು ಇತಿಹಾಸವೇ ಹೊರತು ಸುತ್ತಿಗೆಯಲ್ಲ.

ಕಮಾನುಪಟ್ಟಿಯ ಚರಿತ್ರೆಯು ಮೋಟಾರಿಗಿಂತ ಬಹಳ ಹಿಂದಿನದು. ಯೂರೋಪಿನ ಹಳೆಯ ಸಾರೋಟುಗಳ ಪೆಟ್ಟಿಗೆಯನ್ನು ದಪ್ಪನೆಯ ತೊಗಲಿನ ಪಟ್ಟೆಗಳಿಂದ ತೂಗುಹಾಕುತ್ತಿದ್ದರು. ಅನಂತರ ಆ ತೊಗಲಿನ ತುದಿಗಳನ್ನು ಉಕ್ಕಿನ ಬಾಗಿದ ಕಂಬಗಳಿಗೆ ಕಟ್ಟುವ ಪದ್ಧತಿ ಬಂದಿತು. ಒಳ್ಳೆಯ ಉಕ್ಕು ದೊರೆಯದಿದ್ದ ಕಾಲದಲ್ಲಿ ಇದಕ್ಕಿಂತ ಹೆಚ್ಚಿನ ಸುಖವನ್ನು ಬಯಸುವಂತಿರಲಿಲ್ಲ. ೧೭೪೦ರ ದಶಕದಲ್ಲಿ ಇಂಗ್ಲೆಂಡಿನ ಷೆಫೀಲ್ಡಿನ ಬಳಿಯಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದವನು, ತನ್ನ ಗಡಿಯಾರಗಳ ಸುರುಳಿಗೆ ನೆಚ್ಚತಕ್ಕ ಉಕ್ಕು ಸಿಗದೆ ಬೇಸತ್ತು, ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಏಕರೂಪವಾಗಿ ಎರಕಹೊಯ್ಯುವ ಕ್ರಮವನ್ನು ಸಾಧಿಸಿದನು. ೧೮೦೪ರಲ್ಲಿ ಲಂಡನ್ನಿನ ಸಾರೋಟುಗಾರನಾದ ಒಬಡೈಯ ಎಲಿಯಟ್ ಎಂಬವನು ಅಂಡಾಕಾರದ ಕಮಾನುಪಟ್ಟಿಗೆ ಹಕ್ಕುಪತ್ರವನ್ನು ಪಡೆದನು. ಎರಡು ಬಿಲ್ಲುಗಳನ್ನು ಎದುರುಬದುರಾಗಿ ಇಟ್ಟು ತುದಿಗಳನ್ನು ಜೋಡಿಸಿದರೆ ಯಾವ ಆಕಾರವಾಗುವುದೋ ಅದೇ ಆ ಕಮಾನಿನ ಆಕಾರ. ಇದನ್ನು ನೇರವಾಗಿ ಅಚ್ಚಿನ ಮೇಲೆ ನಿಲ್ಲಿಸಿದುದರಿಂದ ಹಿಂದಿನ ಅಚ್ಚನ್ನೂ ಮುಂದಿನ ಅಚ್ಚನ್ನೂ ಕೂಡಿಸುತ್ತಿದ್ದ ಉದ್ದನೆಯ ಮರದ ತೊಲೆಯು ಅನಾವಶ್ಯಕವಾಯಿತು. ಗಾಡಿಯು ಹಗುರವಾಯಿತು, ತಗ್ಗಾಯಿತು, ಹತ್ತಿಳಿಯಲು ಸುಲಭವಾಯಿತು. ಮುಂದೆ ಕೆಲವೇ ವರ್ಷಗಳಲ್ಲಿ ಮೆಕ್ಯಾಡಮನು ಜಲ್ಲಿರಸ್ತೆಗಳನ್ನು ಹಾಕಿಸತೊಡಗಿದನು. ಒಳ್ಳೆಯ ದಾರಿಯೂ ಒಳ್ಳೆಯ ಕಮಾನೂ ಕೂಡಿದ ಮೇಲೆ ಸಾರೋಟಿನ ವೇಗವು ಹೆಚ್ಚಿದುದು ಆಶ್ಚರ್ಯವಲ್ಲ.

ಈ ಕಮಾನನ್ನು ಒಂದೇ ದಪ್ಪ ಪಟ್ಟಿಯಿಂದ ಮಾಡದೆ ಒಂದರ ಕೆಳಗೊಂದು ಕಿರಿದಾಗುತ್ತ ಹೋಗುವ ಹಲವು ಪಟ್ಟಿಗಳಿಂದ ಏಕೆ ಮಾಡುವರೆಂಬುದನ್ನು ತಿಳಿಯುವುದು ಪ್ರಕೃತಕ್ಕೆ ಅವಶ್ಯ. ನಡುವಿನಲ್ಲಿ ಆಧಾರವಿದ್ದು ಎರಡು ತುದಿಗಳಲ್ಲಿ ಭಾರ ಬೀಳುವ ತೊಲೆಯು ಎಲ್ಲ ಕಡೆಯೂ ಸಮನಾಗಿ ಶ್ರಮಪಡುವುದಿಲ್ಲ. ನಡುವಿನಲ್ಲಿ ಶ್ರಮ ಹೆಚ್ಚು, ತುದಿಗಳಲ್ಲಿ ಕಡಮೆ. ಎಲ್ಲ ಕಡೆಯೂ ಸಮಶ್ರಮವಾಗುವಂತೆ ತೊಲೆಯನ್ನು ರೂಪಿಸುವ ವಿಚಾರವನ್ನು ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಚರ್ಚಿಸಿದನು. ಒಂದೇ ದಪ್ಪದ ತಗಡಿನಲ್ಲಿ ಇದನ್ನು ಸಾಧಿಸಬೇಕಾದರೆ ನಡುವೆ ಅಗಲವಾಗಿ ತುದಿಗಳಲ್ಲಿ ಕೂರಾಗಿ, ಹರಳಿನ ಆಕಾರದಲ್ಲಿ ಅದನ್ನು ಕತ್ತರಿಸಬೇಕು. ಅಷ್ಟು ಅಗಲದ ತಗಡಿಗೆ ಗಾಡಿಯ ಅಡಿಯಲ್ಲಿ ಎಡೆಯೆಲ್ಲಿ? ಆದುದರಿಂದ ಅದನ್ನು ಉದ್ದುದ್ದವಾಗಿ ಸೀಳಿ, ಆ ಸೀಳುಗಳನ್ನು ಒಂದರ ಕೆಳಗೊಂದು ಪೇರಿಸಿದಂತೆ ಪಟ್ಟಿಗಳ ಕಟ್ಟನ್ನು ಮಾಡುವರು. ಎಲ್ಲಕ್ಕೂ ಮೇಲಿರುವ ಉದ್ದನೆಯದು ಮೂಲಪಟ್ಟಿ. ಅದರ ತುದಿಗಳನ್ನು ಸುತ್ತಿ ಕಣ್ಣುಗಳನ್ನು ಮಾಡಿರುವರು. ಕೆಳಗಿನ ಕಿರಿಯ ಪಟ್ಟಿಗಳಿಗೆ ಮೂಲಪಟ್ಟಿಗಿಂತ ತುಸು ಹೆಚ್ಚಾಗಿಯೇ ಬಾಗು ಕೊಟ್ಟಿರುವುದರಿಂದ, ಎಲ್ಲವನ್ನೂ ನಡುವಿನ ಬೋಲ್ಟಿನಿಂದ ಬಿಗಿದಾಗ ಅವು ಹಿರಿಯ ಪಟ್ಟಿಯ ಹೊರೆಯಲ್ಲಿ ಒಂದು ಪಾಲನ್ನು ಮೊದಲೇ ತಮ್ಮ ಮೇಲೆ ಎಳೆದುಕೊಳ್ಳುವುವು.

ಎಷ್ಟು ಭಾರಕ್ಕೆ ಎಷ್ಟು ಬಾಗು ಎಂಬ ಅನುಪಾತದ ನಿಯಮವನ್ನು ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದನು. ರೈಲುಬಂಡಿಗಳು ಹೆಚ್ಚಿದ ಮೇಲೆ ಫ್ರಾನ್ಸಿನ ಎಂಜಿನಿಯರನಾದ ಎದುವಾರ್ ಫಿಲಿಪ್ಸ್ ೧೮೫೨ರಲ್ಲಿ ಪಟ್ಟಿಗಳ ಕಟ್ಟಿಗೆ ಗಣಿತವನ್ನು ಬರೆದನು. ಆ ಗಣಿತದಿಂದ ಹೊರಡುವ ಕೆಲವು ಮಾತುಗಳನ್ನು ಗಾಡಿಯ ಒಡೆಯನು ಮರೆಯಕೂಡದು. ಪಟ್ಟಿಗಳ ಸಂಖ್ಯೆ ಹೆಚ್ಚಿದಂತೆಲ್ಲ ಕಮಾನಿನ ಗಡುಸು ಅದೇ ಪ್ರಮಾಣದಲ್ಲಿ ಹೆಚ್ಚುವುದು. ಸಮಾನ ದಪ್ಪದ ಐದು ಪಟ್ಟಿಗಳಿಗೆ ಆರನೆಯದು ಸೇರಿದರೆ ಗಡುಸು ಸುಮಾರು ಐದರಲ್ಲಿ ಒಂದು ಪಾಲು ಮೇಲೇರುವುದು. ಆದರೆ ದಪ್ಪದ ವಿಷಯದಲ್ಲಿ ಗಡುಸು ಘನಪ್ರಮಾಣದಲ್ಲಿ ಏರುವುದು. ಪಟ್ಟಿಗಳ ದಪ್ಪವು ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಗಡುಸು ನೂರಕ್ಕೆ ೩೩ರಷ್ಟು ಹೆಚ್ಚುವುದು. ಉದ್ದದ ವಿಷಯದಲ್ಲಿ ಇದಕ್ಕೆ ವಿಪರೀತ. ಉದ್ದವು ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಗಡುಸು ನೂರಕ್ಕೆ ೨೫ರಷ್ಟು ಇಳಿಯುವುದು. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಎರಡು ಕಮಾನುಗಳು ಗುಣದಲ್ಲಿ ಎಷ್ಟು ದೂರವಿರಬಹುದೆಂಬುದು ಇದರಿಂದ ಸ್ಪಷ್ಟವಾಗುವುದು. ಪಟ್ಟಿಗಳನ್ನು ಎಣಿಸಿದ ಮಾತ್ರದಿಂದ ಕಮಾನನ್ನು ಅರಿತಂತಾಗದು. ಅಗಲ, ದಪ್ಪ, ಉದ್ದ ಇವೆಲ್ಲವನ್ನೂ ಅಳೆಯಬೇಕು.

ಮೋಟಾರು ಗಾಡಿಯು ಬಂದಾಗ ಅದು ಸಾರೋಟಿನ ಕಮಾನನ್ನೇ ಬಳುವಳಿಯಾಗಿ ಪಡೆಯಿತು. ೧೯೦೮ರಲ್ಲಿ ಹೊರಬಂದು ೧೯೨೭ರ ವರೆಗೆ ಒಂದೂವರೆ ಕೋಟಿಗೂ ಮಿಕ್ಕು ತಯಾರಾದ ಫೋರ್ಡರ ‘ಟಿ’ ಮಾದರಿಯ ಗಾಡಿಯಲ್ಲಿ ಮುಂದೊಂದು ಹಿಂದೊಂದು ಅಡ್ಡಕಮಾನುಗಳಿದ್ದುವು. ಅವು ಭಾರವನ್ನು ಹೊರುತ್ತಿದ್ದುವಲ್ಲದೆ ಗಾಡಿಯನ್ನು ಮುಂದಕ್ಕೆ ನೂಕುವ ಬಲವನ್ನು ಹೊರುತ್ತಿರಲಿಲ್ಲ. ಆ ಕೆಲಸಕ್ಕೆ ಬೇರೆ ಕೊಳವೆಯೂ ಸರಳುಗಳೂ ಇದ್ದುವು. ಫ್ರಾನ್ಸಿನ ಹಾಚ್ಕಿಸ್ ಎಂಬ ಕಾರ್ಖಾನೆಯ ಹೆಸರಿನಿಂದ ಪ್ರಸಿದ್ಧವಾದ ಇನ್ನೊಂದು ಪದ್ಧತಿಯು ಇದಕ್ಕಿಂತ ಸರಳವಾಗಿತ್ತು. ಹಿಂದಣ ಅಚ್ಚಿನ ಎರಡು ಪಾರ್ಶ್ವಗಳಲ್ಲಿ ಒಂದೊಂದು ಅರ್ಧಾಂಡಾಕಾರದ ಕಮಾನನ್ನು ಗಾಡಿಯ ಉದ್ದಕ್ಕೆ ಮಲಗಿಸಿ, ಮುಂದಿನ ಕಣ್ಣನ್ನು ಚೌಕಟ್ಟಿಗೆ ಸ್ಥಿರವಾಗಿ ಕಟ್ಟಿ, ಹಿಂದಿನ ಕಣ್ಣನ್ನು ತೂಗುಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು. ಭಾರ ಬಿದ್ದು ಕಮಾನು ಚಪ್ಪಟೆಯಾಗಿ ಉದ್ದವಾದಾಗ ತೂಗುಕೊಂಡಿಯು ಹಿಂದಕ್ಕೆ ಸರಿದು ಅವಕಾಶ ಮಾಡಿಕೊಡುವುದು. ಈ ಪದ್ಧತಿಯಲ್ಲಿ ಕಮಾನಿಗೆ ನಾಲ್ಕು ಕೆಲಸಗಳು: ಭಾರವನ್ನು ಹೊರುವುದು, ಅಚ್ಚನ್ನು ಅದರ ಸ್ಥಾನದಲ್ಲಿ ನಿಲ್ಲಿಸುವುದು, ಚಕ್ರಗಳ ನೂಕುಬಲವನ್ನೂ ತಡೆಬಲವನ್ನೂ ಚೌಕಟ್ಟಿಗೆ ಮುಟ್ಟಿಸುವುದು, ಅಚ್ಚು ತಿರುಚಿಕೊಳ್ಳದಂತೆ ತಡೆಯುವುದು. ಇಂಗ್ಲೆಂಡಿನ ಗಾಡಿಗಳಲ್ಲಿ ಬಹುಭಾಗವು ಇದನ್ನೇ ಅನುಸರಿಸಿದುವು. ಇಂತಹ ಗಾಡಿಯಲ್ಲಿ ಕಮಾನನ್ನು ತಪ್ಪಾಗಿ ಆರಿಸಿದರೆ ಸುಖಹಾನಿಯೊಂದೇ ಅಲ್ಲ, ಪ್ರಾಣಾಪಾಯವೂ ಒದಗಬಹುದು.

ಈ ಸಾಮಾನ್ಯ ವಿಚಾರವನ್ನು ಒಂದು ನಿಜವಾದ ಗಾಡಿಗೆ ಅನ್ವಯಿಸಿ ನೋಡೋಣ. ಆಕ್ಸ್‌ಫರ್ಡಿಗೆ ಸಮೀಪವಾಗಿ ಥೇಮ್ಸ್ ನದಿಯ ದಡದಲ್ಲಿರುವ ಆಬಿಂಗ್ಡನ್ ಎಂಬ ಊರಿನಲ್ಲಿ ೧೯೬೨ರಿಂದ ೧೯೮೦ರ ವರೆಗೆ ತಯಾರಾದ ಎಂ. ಜಿ. ಬಿ. ಎಂಬುದು ಇಂದು ಹಳೆಯ ಗಾಡಿಗಳನ್ನು ಸಾಕುವವರಲ್ಲಿ ಬಹಳ ಪ್ರಸಿದ್ಧವಾದುದು. ಅದರ ಎಲ್ಲ ಪ್ರಭೇದಗಳೂ ಸೇರಿ ಐದು ಲಕ್ಷಕ್ಕೂ ಮಿಕ್ಕ ಗಾಡಿಗಳು ಹೊರಬಿದ್ದುವು. ಮೊದಲು ಬಂದುದು ಮಾಡಿಲ್ಲದ, ಇಬ್ಬರು ಕೂರತಕ್ಕ ತೆರೆದ ಗಾಡಿ. ಪ್ರಯೋಗದ ದೆಸೆಯಲ್ಲಿ ಅದರ ಹಿಂದಣ ಅಚ್ಚಿಗೆ ಸುರುಳಿ ಸ್ಪ್ರಿಂಗುಗಳನ್ನು ಇಡುವ ಯತ್ನವೂ ನಡೆದಿತ್ತು. ಕೊನೆಗೆ ನಿಂತುದು ಅರ್ಧಾಂಡಾಕಾರದ ಕಮಾನುಪಟ್ಟಿಯೇ. ೧೯೬೫ರಲ್ಲಿ ಅದೇ ಗಾಡಿಗೆ ಉಕ್ಕಿನ ಮಾಡನ್ನೂ ಹಿಂದೆ ಮೇಲಕ್ಕೆತ್ತುವ ಬಾಗಿಲನ್ನೂ ಹೊಂದಿಸಿ ಜಿ. ಟಿ. ಎಂಬ ಎರಡನೆಯ ರೂಪವನ್ನು ಹೊರತಂದರು. ಮೈಭಾರವು ಹೆಚ್ಚಿದುದರಿಂದ, ಅದರಲ್ಲಿಯೂ ಹಿಂದಣ ಅಚ್ಚಿನ ಮೇಲೆ ಹೆಚ್ಚಿದುದರಿಂದ, ಅದಕ್ಕೆ ಹೆಚ್ಚು ಗಡುಸಾದ ಕಮಾನುಗಳನ್ನು ಗೊತ್ತುಮಾಡಿದರು. ೧೯೭೪ರ ಉತ್ತರಾರ್ಧದಲ್ಲಿ ಮೂರನೆಯ ಬದಲಾವಣೆ ಬಂದಿತು. ಈ ಗಾಡಿಗೆ ದೊಡ್ಡ ಸಂತೆಯಾಗಿದ್ದ ಅಮೆರಿಕದಲ್ಲಿ ಬಂಪರಿನ ಬಲವನ್ನೂ ಎತ್ತರವನ್ನೂ ಕುರಿತು ಹೊಸ ಸುರಕ್ಷಣಾನಿಯಮಗಳು ಜಾರಿಗೆ ಬಂದಿದ್ದುವು. ಅವುಗಳಿಗೆ ಹೊಂದುವುದಕ್ಕಾಗಿ ಹೊಳೆಯುವ ಕ್ರೋಮಿಯಂ ಬಂಪರನ್ನು ತೆಗೆದು ಕರಿಯ ರಬ್ಬರಿನಂತಹ ದಪ್ಪ ಬಂಪರನ್ನು ಹಾಕಿದರು. ಅದರೊಡನೆ ಗಾಡಿಯನ್ನೇ ಒಂದರಿಂದ ಒಂದೂವರೆ ಅಂಗುಲದಷ್ಟು ಮೇಲಕ್ಕೆತ್ತಿ ನಿಲ್ಲಿಸಿದರು. ಹಿಂದಣ ಕಮಾನಿನ ಬಾಗು ಆಗ ಬದಲಾಯಿತು. ಎತ್ತರವಾದ ಗಾಡಿಯು ತಿರುವುಗಳಲ್ಲಿ ಹಿಂದಿಗಿಂತ ಹೆಚ್ಚು ವಾಲತೊಡಗಿತು. ಇದನ್ನು ತಡೆಯಲು ೧೯೭೬ರಲ್ಲಿ, ಮರುವರ್ಷದ ಮಾದರಿಗೆಂದು, ಮುಂದೆಯೂ ಹಿಂದೆಯೂ ವಾಲುತಡೆ ಸರಳುಗಳನ್ನು ಜೋಡಿಸಿದರು.

ಈಗ ಒಬ್ಬನು ಈ ಗಾಡಿಗೆ ಹಿಂದಣ ಕಮಾನು ಬೇಕೆಂದು ಕೇಳಿದರೆ ಅಂಗಡಿಯವನು ಮರುಪ್ರಶ್ನೆ ಹಾಕುವುದರಲ್ಲಿ ನ್ಯಾಯವಿರುವುದು. ತೆರೆದುದೋ ಮಾಡುಳ್ಳದೋ? ಕ್ರೋಮಿಯಂ ಬಂಪರಿನ ಕಾಲದ್ದೋ ರಬ್ಬರು ಬಂಪರಿನ ಕಾಲದ್ದೋ? ಹೆಸರು ಒಂದೇ, ಗಾಡಿ ಒಂದೇ. ಕಮಾನುಗಳು ಮಾತ್ರ ಭಿನ್ನ. ತೆರೆದ ಗಾಡಿಗೆ ಮಾಡುಳ್ಳ ಗಾಡಿಯ ಕಮಾನನ್ನು ಹಾಕಿದರೆ ಹಿಂಭಾಗವು ಎತ್ತಿಕೊಂಡು ಕುಲುಕುವುದು. ಕ್ರೋಮಿಯಂ ಕಾಲದ ಗಾಡಿಗೆ ರಬ್ಬರು ಕಾಲದ ಕಮಾನನ್ನು ಹಾಕಿದರೆ, ಆ ಗಾಡಿಯು ಹುಟ್ಟಿದ ಕಾಲದಲ್ಲಿ ಇಲ್ಲದಿದ್ದ ಒಂದು ಕಾನೂನಿಗೆ ಅದು ತಲೆಬಾಗಿದಂತಾಗುವುದು. ಇನ್ನು ಕೆಲವರು ರಬ್ಬರು ಬಂಪರಿನ ಗಾಡಿಯನ್ನು ಬೇಕೆಂದೇ ತಗ್ಗಿಸಿ ಹಿಂದಿನ ಎತ್ತರಕ್ಕೆ ತರುವರು. ಆಬಿಂಗ್ಡನ್ನಿನ ಕುಶಲಿಗಳು ಮೊದಲು ಮನಸ್ಸಿನಲ್ಲಿಟ್ಟುಕೊಂಡಿದ್ದ ಎತ್ತರವೇ ಗಾಡಿಯ ನಿಜವಾದ ನಿಲವೆಂಬುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಮುಂದಿನ ಭಾಗವನ್ನು ಹಾಗೆಯೇ ಬಿಟ್ಟು ಹಿಂದಿನದನ್ನು ಮಾತ್ರ ತಗ್ಗಿಸುವವನು ಎರಡು ಪಾಠಗಳನ್ನು ಬೆರಸಿ ಯಾವ ಕವಿಯೂ ಬರೆಯದ ಮೂರನೆಯ ಶ್ಲೋಕವನ್ನು ಕಟ್ಟಿದ ಲಿಪಿಕಾರನಂತಾಗುವನು.

ಹೆಚ್ಚಿನ ಜನ ದಾರಿತಪ್ಪುವುದು ಎತ್ತರವನ್ನೂ ಗಡುಸನ್ನೂ ಒಂದೇ ಎಂದು ಎಣಿಸುವುದರಿಂದ. ಗಾಡಿಯ ಹಿಂಭಾಗವು ಕುಸಿದಿದ್ದರೆ, ಕಮಾನು ಬಲಗುಂದಿತು, ಆದುದರಿಂದ ಬಲವನ್ನು ಸೇರಿಸಬೇಕು, ಎಂಬುದು ಲೋಕದ ಸಾಮಾನ್ಯ ತರ್ಕ. ಅದು ಹೇತ್ವಾಭಾಸ. ಉಕ್ಕಿನ ಸ್ಥಿತಿಸ್ಥಾಪಕಶಕ್ತಿಯು ವರ್ಷಗಳಿಂದ ಸವೆಯುವ ವಸ್ತುವಲ್ಲ. ಕುಸಿದ ಕಮಾನಿನ ಮೇಲೆ ಒಂದು ಮಣ ಭಾರವನ್ನು ಹೊಸದಾಗಿ ಹೇರಿ ನೋಡಿದರೆ, ಅದು ಹೊಸದಾಗಿದ್ದಾಗ ಎಷ್ಟು ಬಾಗುತ್ತಿತ್ತೋ ಹೆಚ್ಚು ಕಡಮೆ ಅಷ್ಟೇ ಬಾಗುವುದು. ಅದರಲ್ಲಿ ಕಳೆದುಹೋಗಿರುವುದು ಗಡುಸಲ್ಲ, ಬಾಗು. ಮಿತಿಮೀರಿದ ಹೊರೆಗಳಿಂದಲೂ ಲಕ್ಷಾಂತರ ಕುಲುಕುಗಳಿಂದಲೂ ಅದು ಮೊದಲು ಯಾವ ಆಕಾರಕ್ಕೆ ಮರಳುತ್ತಿತ್ತೋ ಆ ಆಕಾರವೇ ಸ್ವಲ್ಪ ಸ್ವಲ್ಪವಾಗಿ ಬದಲಾಗಿರುವುದು. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಮರಳುವ ಶಕ್ತಿ ಹಾಗೆಯೇ ಇರುವುದು. ಎಲ್ಲಿಗೆ ಮರಳಬೇಕೆಂಬ ನೆನಪು ಕೆಟ್ಟಿರುವುದು. ಹೀಗಿರಲು, ಬೇಕಾದ ಚಿಕಿತ್ಸೆ ಪೂರ್ವದ ಬಾಗನ್ನು ಮರಳಿ ಕೊಡುವುದೇ ಹೊರತು ಹೊಸ ಗಡುಸನ್ನು ಹೇರುವುದಲ್ಲ.

ಲೆಕ್ಕವೊಂದನ್ನು ತೆಗೆದುಕೊಳ್ಳೋಣ. ಒಂದು ಕಮಾನು ತನ್ನ ಪಾಲಿನ ಭಾರಕ್ಕೆ ಐದು ಅಂಗುಲ ಬಾಗುವುದೆಂದು ಇಟ್ಟುಕೊಳ್ಳಿರಿ. ಅಂತಹ ಕಮಾನಿನ ಮೇಲೆ ಗಾಡಿಯು ನಿಮಿಷಕ್ಕೆ ಸುಮಾರು ೮೪ ಸಲ ಮೇಲೆ ಕೆಳಗೆ ತೂಗಾಡುವುದು. ಮನುಷ್ಯನ ಶರೀರಕ್ಕೆ ಹಿತವಾದ ತೂಗು ನಿಮಿಷಕ್ಕೆ ೬೦ರಿಂದ ೯೦ರ ವರೆಗೆ ಎಂದು ಬಲ್ಲವರು ಗೊತ್ತುಮಾಡಿರುವರು. ಈ ಕಮಾನು ಒಂದಂಗುಲ ಕುಸಿಯಿತು. ಒಡೆಯನು ಐದು ಪಟ್ಟಿಗಳಿಗೆ ಆರನೆಯದನ್ನು ಸೇರಿಸಿದನು. ಬಾಗುವುದು ಐದು ಅಂಗುಲದಿಂದ ನಾಲ್ಕೂ ಚಿಲ್ಲರೆಗೆ ಇಳಿಯಿತು, ಕುಸಿದ ಎತ್ತರದಲ್ಲಿ ಬಹುಭಾಗವು ಮರಳಿತು, ಒಡೆಯನಿಗೆ ಸಂತೋಷವಾಯಿತು. ಆದರೆ ತೂಗು ನಿಮಿಷಕ್ಕೆ ೯೨ಕ್ಕೆ ಏರಿ ಹಿತದ ಎಲ್ಲೆಯನ್ನು ದಾಟಿತು. ಕುಲುಕಿನ ಪೆಟ್ಟು ಕಮಾನಿನಲ್ಲಿ ಕರಗುವುದರ ಬದಲು ಕೊಂಡಿಗಳಿಗೂ ತುಕ್ಕು ಹಿಡಿದಿರಬಹುದಾದ ಹಳೆಯ ಚೌಕಟ್ಟಿಗೂ ಹೋಗತೊಡಗಿತು. ಇದಕ್ಕಿಂತ ಕೆಟ್ಟುದು ಇನ್ನೊಂದುಂಟು. ಹಿಂಭಾಗವನ್ನು ಮಾತ್ರ ಗಡುಸುಮಾಡಿ ಮುಂಭಾಗವನ್ನು ಹಾಗೆಯೇ ಬಿಟ್ಟ ಗಾಡಿಯಲ್ಲಿ, ತಿರುವಿನಲ್ಲಿ ಭಾರವು ಹಿಂದಣ ಹೊರಚಕ್ರದ ಮೇಲೆ ಹೆಚ್ಚಾಗಿ ಬಿದ್ದು, ಹಿಂದಣ ಚಕ್ರಗಳು ನೆಲದ ಹಿಡಿತವನ್ನು ಮುಂದಿನವುಗಳಿಗಿಂತ ಮೊದಲು ಬಿಡುವ ಪ್ರವೃತ್ತಿ ಹೆಚ್ಚುವುದು. ಒದ್ದೆಯಾದ ರಸ್ತೆಯಲ್ಲಿ ಗಾಡಿಯ ಬಾಲವು ಪಕ್ಕಕ್ಕೆ ಹೊರಳಬಹುದು. ಮುಂದಿನದಕ್ಕೂ ಹಿಂದಿನದಕ್ಕೂ ಗಾಡಿಯನ್ನು ರಚಿಸಿದವರು ತೂಗಿ ಕೊಟ್ಟ ಸಮತೋಲವು ಒಂದು ಪಟ್ಟಿಯಿಂದ ಕದಡಿದಂತಾಯಿತು.

ಆದುದರಿಂದ ಕಮಾನನ್ನು ಆರಿಸುವವನು ಅನುಸರಿಸತಕ್ಕ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಮೊದಲನೆಯದಾಗಿ, ಕಮಾನಿನ ಮೇಲೆ ದೋಷವನ್ನು ಹೊರಿಸುವುದಕ್ಕೆ ಮುಂಚೆ ಅದರ ನೆರೆಹೊರೆಯನ್ನು ಪರೀಕ್ಷಿಸಬೇಕು. ಕಣ್ಣುಗಳಲ್ಲಿನ ರಬ್ಬರು ಬುಷ್ಷುಗಳು ಸವೆದಿದ್ದರೆ, ತೂಗುಕೊಂಡಿಯ ನೆಲೆಯು ತುಕ್ಕಿನಿಂದ ಮೇಲಕ್ಕೆ ಕುಸಿದಿದ್ದರೆ, ಆಗಲೂ ಗಾಡಿ ತಗ್ಗುವುದು. ಪಟ್ಟಿಗಳ ನಡುವೆ ತುಕ್ಕು ತುಂಬಿದ್ದರೆ ಅವು ಒಂದರ ಮೇಲೊಂದು ಜಾರಲಾರದೆ, ಕುಸಿದ ಕಮಾನೇ ಕಲ್ಲಿನಂತೆ ಗಡುಸಾಗಿ ತೋರುವುದೂ ಉಂಟು. ಪಟ್ಟಿಗಳ ನಡುವಣ ಉಜ್ಜಾಟವು ಮಿತವಾಗಿದ್ದರೆ ಕುಲುಕನ್ನು ತಣಿಸುವುದು, ಮಿತಿಮೀರಿದರೆ ಕಮಾನನ್ನೇ ಕಟ್ಟಿಹಾಕುವುದು. ಎರಡನೆಯದಾಗಿ, ಗಾಡಿಯನ್ನು ಸಮನೆಲದಲ್ಲಿ ಸ್ವಲ್ಪ ದೂರ ಉರುಳಿಸಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಣ ಕಮಾನಂಚಿನ ವರೆಗೆ ಎರಡು ಪಕ್ಕಗಳಲ್ಲಿಯೂ ಅಳೆದು, ತಯಾರಿಸಿದವರ ಕೈಪಿಡಿಯಲ್ಲಿನ ಅಳತೆಯೊಡನೆ ಹೋಲಿಸಬೇಕು. ಮೂರನೆಯದಾಗಿ, ಗಾಡಿಯ ಹುಟ್ಟಿದ ವರ್ಷ, ಮೈಕಟ್ಟು, ಚೌಕಟ್ಟಿನ ಸಂಖ್ಯೆ ಇವುಗಳಿಂದ ಅದಕ್ಕೆ ಮೊದಲು ಯಾವ ಕಮಾನು ಇತ್ತೆಂಬುದನ್ನು ನಿರ್ಣಯಿಸಬೇಕು. ಈಗ ಅದರಲ್ಲಿರುವ ಕಮಾನೇ ಮೂಲದ್ದೆಂದು ನಂಬಕೂಡದು; ಹಿಂದಿನ ಒಡೆಯರಲ್ಲಿ ಯಾರಾದರೂ ಅದನ್ನು ಬದಲಾಯಿಸಿರಬಹುದು. ನಾಲ್ಕನೆಯದಾಗಿ, ಗಾಡಿಯು ಇನ್ನು ಮುಂದೆ ಏನನ್ನು ಹೊರಬೇಕೆಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹಳೆಯ ಪಟ್ಟಿಗಳನ್ನು ಮತ್ತೆ ಬಾಗಿಸಬಹುದೆ ಎಂಬುದು ಇನ್ನೊಂದು ಪ್ರಶ್ನೆ. ಬಲ್ಲ ಕಮ್ಮಾರನು ಪಟ್ಟಿಗಳನ್ನು ಬಿಚ್ಚಿ, ಬಿರುಕುಗಳಿಲ್ಲವೆಂದು ನಿಶ್ಚಯಿಸಿಕೊಂಡು, ತಣ್ಣಗಿರುವಾಗಲೇ ಸುತ್ತಿಗೆಯಿಂದಲೋ ಒತ್ತುಯಂತ್ರದಿಂದಲೋ ಬಾಗನ್ನು ಮರಳಿ ಕೊಡುವುದುಂಟು. ಅದು ಕೆಲಕಾಲ ನಿಂತು ಮತ್ತೆ ಕುಸಿಯುವುದೂ ಉಂಟು. ಏಕೆಂದರೆ ಉಕ್ಕಿನ ಆಯಾಸವು ಸುತ್ತಿಗೆಯಿಂದ ಹೋಗುವುದಿಲ್ಲ. ಬೆಂಕಿಯಲ್ಲಿ ಕಾಯಿಸಿ ಬಾಗಿಸಿ ಹಾಗೆಯೇ ಆರಲು ಬಿಡುವವನು ಮಾತ್ರ ಕಮಾನನ್ನು ಕೊಂದಂತೆಯೇ ಸರಿ. ಸಿಲಿಕಾನು ಮ್ಯಾಂಗನೀಸುಗಳು ಕೂಡಿದ ಈ ಉಕ್ಕಿಗೆ ಬಂದಿರುವ ಗುಣವು ಎಣ್ಣೆಯಲ್ಲಿ ಅದ್ದಿ, ಅನಂತರ ಗೊತ್ತಾದ ಕಾವಿನಲ್ಲಿ ಹದಗೊಳಿಸಿದುದರ ಫಲ. ಕಾಯಿಸಿದರೆ ಆ ಹದವು ಅಳಿಯುವುದು. ಮತ್ತೆ ಅದ್ದಿ ಮತ್ತೆ ಹದಗೊಳಿಸಿದ ಹೊರತು ಅದು ಬರಿಯ ಕಬ್ಬಿಣದ ಪಟ್ಟಿಯಂತೆ ಬಾಗಿದಲ್ಲಿಯೇ ಉಳಿಯುವುದು. ಮೂಲದ ಅಳತೆಗೆ ಮಾಡಿದ ಹೊಸ ಕಮಾನು ದೊರೆಯುವಾಗ ಅದೇ ಶ್ರೇಯಸ್ಕರ. ಯಾವುದನ್ನು ಹಾಕಿದರೂ ಎಡಬಲಗಳೆರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಬುಷ್ಷುಗಳ ಬೋಲ್ಟುಗಳನ್ನು ಗಾಡಿಯ ಭಾರವು ಚಕ್ರಗಳ ಮೇಲೆ ಬಿದ್ದ ಮೇಲೆಯೇ ಕಡೆಯ ಬಿಗಿ ಬಿಗಿಯಬೇಕು. ಭಾರವಿಲ್ಲದೆ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುವುದಲ್ಲದೆ, ಗಾಡಿಯು ಇರಬೇಕಾದ ಎತ್ತರಕ್ಕೆ ಇಳಿಯಲಾರದು. ಹೊಸ ಕಮಾನು ಕೆಲವು ನೂರು ಮೈಲಿಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ಮೊದಲ ದಿನದ ಎತ್ತರವನ್ನು ಕಂಡು ಗಾಬರಿಪಡಬೇಕಾದುದಿಲ್ಲ.

ನಮ್ಮ ದೇಶದ ಅಂಬಾಸಡರ್ ಗಾಡಿಗೂ ಆಬಿಂಗ್ಡನ್ನಿನ ಗಾಡಿಗೂ ದಾಯಾದಿ ಸಂಬಂಧವಿರುವುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮೂರನೆಯ ಮಾದರಿಯೇ ೧೯೫೭ರಿಂದ ವಂಗದೇಶದ ಉತ್ತರಪಾಡಾದಲ್ಲಿ ಅಂಬಾಸಡರಾಗಿ ಹುಟ್ಟತೊಡಗಿ ೨೦೧೪ರ ವರೆಗೆ ನಡೆಯಿತು. ಅದು ಬಹುಕಾಲ ಧರಿಸಿದ ೧೪೮೯ ಘನ ಸೆಂಟಿಮೀಟರಿನ ಎಂಜಿನ್ನೂ ಎಂ. ಜಿ. ಬಿ.ಯ ೧೭೯೮ ಘನ ಸೆಂಟಿಮೀಟರಿನ ಎಂಜಿನ್ನೂ ಒಂದೇ ವಂಶದವು. ಎರಡರಲ್ಲಿಯೂ ಹಿಂದಣ ಅಚ್ಚು ಅರ್ಧಾಂಡಾಕಾರದ ಕಮಾನುಪಟ್ಟಿಗಳ ಮೇಲೆಯೇ ಕುಳಿತಿರುವುದು. ಆದರೆ ಒಂದು ಇಬ್ಬರನ್ನು ಹೊತ್ತು ವಿಹಾರಕ್ಕೆ ಹೋದರೆ, ಇನ್ನೊಂದು ನಮ್ಮಲ್ಲಿ ಬಾಡಿಗೆಗಾಡಿಯಾಗಿ ಮದುವೆಯ ದಿಬ್ಬಣವನ್ನೂ ಸಂತೆಯ ಸಾಮಾನನ್ನೂ ಹೊತ್ತಿತು. ಹೀಗೆ ಹೊರುವ ಗಾಡಿಗೆ ಹೆಚ್ಚಿನ ಪಟ್ಟಿಯನ್ನು ಹಾಕಿಸುವುದು ನಮ್ಮ ಊರುಗಳಲ್ಲಿ ರೂಢಿಯಾಗಿತ್ತು. ಆ ಕಾಲಕ್ಕೆ ಆ ಹೊರೆಗೆ ಅದು ತಕ್ಕುದೇ. ಈಗ ಆ ಗಾಡಿಯು ನಿವೃತ್ತವಾಗಿ, ಹಬ್ಬಹರಿದಿನಗಳಲ್ಲಿ ಇಬ್ಬರನ್ನು ಮಾತ್ರ ಹೊತ್ತು ಮೆಲ್ಲನೆ ತಿರುಗುವುದಾದರೆ ಆ ಪಟ್ಟಿ ಉಳಿಯಬೇಕೆ ಹೋಗಬೇಕೆ?

ಇಲ್ಲಿ ಪೂರ್ವಸ್ಥಿತಿಯೆಂಬ ಮಾತೇ ಸಂದೇಹಕ್ಕೆ ಎಡೆಗೊಡುವುದು. ಕಾರ್ಖಾನೆಯ ಬಾಗಿಲಲ್ಲಿದ್ದ ನಿಲವು ಒಂದು. ನಲವತ್ತು ವರ್ಷಗಳ ದುಡಿಮೆಯಲ್ಲಿ ಬಂದ ನಿಲವು ಇನ್ನೊಂದು. ಎರಡೂ ಚರಿತ್ರೆಯೇ. ಮೊದಲನೆಯದನ್ನು ಮಾತ್ರ ಸತ್ಯವೆಂದು ಹಿಡಿದು ಎರಡನೆಯದನ್ನು ಕೊಳೆಯೆಂದು ತೊಳೆದುಬಿಡುವವನು, ತಾಳೆಯೋಲೆಯ ಅಂಚಿನಲ್ಲಿ ಹಿಂದಿನ ಓದುಗನೊಬ್ಬನು ಬರೆದಿಟ್ಟ ಟಿಪ್ಪಣಿಯನ್ನು ಹೆರೆದು ಹಾಕಿದವನಿಗೆ ಸಮಾನ. ಎರಡನೆಯದನ್ನೇ ಪಟ್ಟುಹಿಡಿದು ಇಬ್ಬರನ್ನು ಎಂಟು ಜನರ ಕಮಾನಿನ ಮೇಲೆ ಕುಲುಕಿಸುವವನೂ ವಿವೇಕಿಯಲ್ಲ. ನನಗೆ ಯುಕ್ತವಾಗಿ ತೋರುವುದು ಇಷ್ಟು: ಗಾಡಿಯು ರಸ್ತೆಯಲ್ಲಿ ಓಡತಕ್ಕುದಾದರೆ ಅದು ಈಗ ಹೊರುವ ಭಾರಕ್ಕೆ ತಯಾರಿಸಿದವರು ಗೊತ್ತುಮಾಡಿದ ಕಮಾನೇ ಇರಲಿ; ಏಕೆಂದರೆ ರಸ್ತೆಯಲ್ಲಿ ಒಡೆಯನೊಬ್ಬನೇ ಇರುವುದಿಲ್ಲ, ಎದುರಿನಿಂದ ಬರುವವರೂ ಬದಿಯಲ್ಲಿ ನಡೆಯುವ ಮಕ್ಕಳೂ ಇರುವರು. ಆದರೆ ತೆಗೆದ ಪಟ್ಟಿಯನ್ನು ಹಳೆಯ ಕಬ್ಬಿಣದವನಿಗೆ ತೂಕಕ್ಕೆ ಹಾಕಬಾರದು. ಅದರ ಅಗಲ, ದಪ್ಪ, ಉದ್ದಗಳನ್ನು ಬರೆದು, ಯಾವ ದಿನ ಏಕೆ ತೆಗೆದುದೆಂಬುದನ್ನು ಸೇರಿಸಿ, ಎಣ್ಣೆ ಹಚ್ಚಿ ಇಟ್ಟುಕೊಳ್ಳಬೇಕು. ಮುಂದೆ ಆ ಗಾಡಿಯನ್ನು ಪಡೆಯುವವನಿಗೆ ಆ ಒಂದು ಚೀಟಿಯು ಗಾಡಿಯಷ್ಟೇ ಬೆಲೆಯುಳ್ಳದಾಗುವುದು.

೧೯೮೧ರಲ್ಲಿ ಅಮೆರಿಕದ ಕಾರ್ವೆಟ್ ಎಂಬ ಗಾಡಿಯಲ್ಲಿ ಉಕ್ಕಿನ ಪಟ್ಟಿಗಳ ಬದಲು ಗಾಜಿನೆಳೆಯನ್ನು ಬೆರಸಿದ ಒಂದೇ ಪಟ್ಟಿಯನ್ನು ಹಿಂದಣ ಕಮಾನಾಗಿ ಇಟ್ಟರು; ಅದರ ತೂಕವು ಉಕ್ಕಿನ ಕಮಾನಿನ ಐದರಲ್ಲಿ ಒಂದು ಪಾಲಿನಷ್ಟು. ಇಂತಹ ಹೊಸ ವಸ್ತುಗಳು ಹಳೆಯ ಗಾಡಿಗಳಿಗೂ ದೊರೆಯುವುವು. ಅವನ್ನು ಬಳಸುವುದು ಪಾಪವೆಂದು ನಾನು ಹೇಳೆನು. ಕಮಾನಿನ ಚರಿತ್ರೆಯು ತೊಗಲಿನಿಂದ ಉಕ್ಕಿಗೆ, ಉಕ್ಕಿನಿಂದ ಗಾಜಿಗೆ ಸಾಗಿಬಂದಿರುವಾಗ ಅದನ್ನು ಒಂದೆಡೆಯಲ್ಲಿ ನಿಲ್ಲಿಸಲು ನಾವಾರು? ಆದರೆ ಹೊಸದನ್ನು ಹಾಕುವವನೂ ಹಳೆಯದರ ಗಡುಸು ಎಷ್ಟಿತ್ತು, ಬಾಗು ಎಷ್ಟಿತ್ತು ಎಂಬ ಎರಡು ಅಂಕೆಗಳನ್ನು ತಿಳಿಯದೆ ಹಾಕಲಾರನು. ಮರದ ಕೊಂಬೆಯಾಗಲಿ, ಬಿಲ್ಲಾಗಲಿ, ಉಕ್ಕಿನ ಪಟ್ಟಿಯಾಗಲಿ, ಬಾಗಿದ ಮೇಲೆ ಮರಳಬೇಕಾದರೆ ಅದಕ್ಕೆ ಮರಳುವ ಎಡೆಯೊಂದು ಇರಬೇಕು. ಆ ಎಡೆಯನ್ನು ಉಕ್ಕು ಮರೆತಾಗ ನೆನಪು ಮಾಡಿಕೊಡುವ ಭಾರವು ಒಡೆಯನ ಮೇಲೆ ಬೀಳುವುದು.